ಗೋಲಿನ ಮುಂದೆ ಯಾರು ನಿಲ್ಲಬೇಕು?

ಪಂದ್ಯ ಇರುವುದು ಸಂಜೆ ಏಳೂವರೆಗೆ. ಐದೂವರೆಗೇ ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣದ ಮೆಟ್ಟಿಲುಗಳ ಮೇಲೆ ನೀಲಿ ಜೆರ್ಸಿಗಳು ಕಾಣತೊಡಗುತ್ತವೆ. ಕಂಠೀರವ ಕ್ರೀಡಾಂಗಣದ ಗೇಟಿನ ಹತ್ತಿರ ಕೆನ್ನೆಗೆ ಬಣ್ಣ ಬಳಿಯುವವರು, ಶಾಲು ಮಾರುವವರು, ಹೆಗಲಿಗೆ ಡ್ರಮ್ಮು ನೇತುಹಾಕಿಕೊಂಡು ಬರುವ ಹುಡುಗರು, ಅಪ್ಪನ ಕೈ ಹಿಡಿದು ಬಂದ ಮಕ್ಕಳು. ಟಿಕೆಟ್ ತೋರಿಸಿ ಒಳಗೆ ಹೋಗುವ ಮೊದಲು ಟೀ ಹಿಡಿದು ನಿಂತವರ ನಡುವೆ ವಾದ ಆಗಲೇ ಬಿಸಿಯೇರಿರುತ್ತದೆ.

‘ಇವತ್ತೂ ಮುಂದೆ ಫಾರಿನರ್‌ನೇ ಹಾಕ್ತಾರೆ ನೋಡು ಗುರು. ನಮ್ಮ ಹುಡುಗ ಬೆಂಚಲ್ಲೇ ಕೂರೋದು.’

‘ಹಾಕ್ದೆ ಏನ್ಮಾಡ್ತಾರೆ ಮಗಾ? ಹೋದ ಮ್ಯಾಚಲ್ಲಿ ಎದುರಿಗೆ ಗೋಲಿ ಒಬ್ಬನೇ ಇದ್ದಾಗ್ಲೂ ಹೊರಗೆ ಹೊಡ್ದ ನಿಮ್ಮ ಹುಡುಗ.’

‘ಆಡ್ಸಿದ್ರೆ ತಾನೇ ಕಲಿಯೋದು?’

‘ಕಲಿಯೋಕೆ ಪ್ರಾಕ್ಟೀಸ್ ಗ್ರೌಂಡ್ ಇದೆ. ಇಲ್ಲಿ ಪಾಯಿಂಟ್ ಬೇಕು.’

ತೊಂಬತ್ತು ನಿಮಿಷವೂ ಕೂರದೆ ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿಗಳ ನಡುವೆಯೂ ಇದೇ ಮಾತು. ಪಂದ್ಯ ಮುಗಿದ ಮೇಲೆ ಮೆಟ್ರೊ ಬೋಗಿಯೊಳಗೂ ಇದೇ. ಬೆಂಗಳೂರು ಎಫ್‌ಸಿ ಹುಟ್ಟಿದ 2013ರಿಂದ ಈವರೆಗೆ ಕೋಚ್‌ಗಳು ಬದಲಾದರು, ಲೀಗೇ ಬದಲಾಯಿತು, ವಿದೇಶಿ ಆಟಗಾರರು ಹತ್ತಾರು ಮಂದಿ ಬಂದು ಹೋದರು. ಎದುರಾಳಿಯ ಗೋಲಿನ ಮುಂದೆ ನಿಲ್ಲಬೇಕಾದವರು ಯಾರು ಎಂಬ ಪ್ರಶ್ನೆ ಬಗೆಹರಿದಿಲ್ಲ.

ಈ ವಾದವನ್ನು ಬರೀ ಅಭಿಮಾನಿಗಳ ಹರಟೆ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ದೇಶದ ಫುಟ್‌ಬಾಲ್ ಸಿಕ್ಕಿಹಾಕಿಕೊಂಡಿರುವ ಗಂಟು ಇದೇ ಜಾಗದಲ್ಲಿದೆ. ಅದನ್ನು ಮೊದಲು ಕಂಡವರು ಗ್ಯಾಲರಿಯಲ್ಲಿ ನಿಂತ ಜನ.

ಈ ಜಾಗಕ್ಕೇ ಏಕೆ ಇಷ್ಟು ಜಗಳ

ಸ್ಟ್ರೈಕರ್ ಎಂದರೆ ಎದುರಾಳಿಯ ಗೋಲಿಗೆ ಎಲ್ಲರಿಗಿಂತ ಹತ್ತಿರ ನಿಂತು ಆಡುವವನು. ಗೋಲು ಹೊಡೆಯುವುದು ಅವನ ಮುಖ್ಯ ಕೆಲಸ, ಆದರೆ ಅದೊಂದೇ ಕೆಲಸವಲ್ಲ. ಇಬ್ಬರು ದೈತ್ಯ ಡಿಫೆಂಡರ್‌ಗಳು ಬೆನ್ನಿಗೆ ಒತ್ತಿಕೊಂಡಿರುವಾಗ ಚೆಂಡನ್ನು ಕಾಲಲ್ಲಿ ಹಿಡಿದು ನಿಲ್ಲಬೇಕು, ಜತೆಗಾರರು ಮೇಲೇರಿ ಬರುವವರೆಗೆ ಕಾಯಬೇಕು. ಚೆಂಡು ಕೈತಪ್ಪಿದ ಕ್ಷಣ ಮೊದಲು ಅಟ್ಟಿಸಿಕೊಂಡು ಹೋಗಬೇಕಾದವನೂ ಅವನೇ.

ಉಳಿದವರ ತಪ್ಪುಗಳನ್ನು ಆಟ ಬೇಗ ಮರೆಸುತ್ತದೆ. ಮಿಡ್‌ಫೀಲ್ಡರ್ ಹತ್ತು ಪಾಸ್ ಕೆಡಿಸಿದರೂ ಹನ್ನೊಂದನೆಯದು ಸರಿಹೋದರೆ ಚಪ್ಪಾಳೆ. ಸ್ಟ್ರೈಕರ್‌ಗೆ ಒಂದು ಪಂದ್ಯದಲ್ಲಿ ಸಿಗುವುದೇ ಎರಡೋ ಮೂರೋ ಅವಕಾಶ. ಅದರಲ್ಲೊಂದು ತಪ್ಪಿದರೆ ಇಡೀ ಕ್ರೀಡಾಂಗಣ ತಲೆಯ ಮೇಲೆ ಕೈಹೊತ್ತ ದೃಶ್ಯ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಹತ್ತೊಂಬತ್ತರ ಹುಡುಗನಿಗೆ ಅದು ಹೊರಲಾರದ ಭಾರ. ಆದ್ದರಿಂದಲೇ ಕೋಚ್‌ಗಳು ಈ ಜಾಗಕ್ಕೆ ಪಳಗಿದವರನ್ನು ಹುಡುಕುತ್ತಾರೆ. ಭಾರತದಲ್ಲಿ ಹುಡುಕಾಟ ಬಹುಪಾಲು ವಿದೇಶಕ್ಕೇ ಹೋಗಿ ನಿಲ್ಲುತ್ತದೆ.

ಇದು ಹೊಸ ಅಭ್ಯಾಸವೂ ಅಲ್ಲ. 1980ರಲ್ಲಿ ಈಸ್ಟ್ ಬೆಂಗಾಲ್‌ಗೆ ಬಂದ ಇರಾನ್‌ನ ಮಜೀದ್ ಬಿಷ್ಕರ್, ಆಮೇಲೆ ನೈಜೀರಿಯಾದ ಚೀಮಾ ಒಕೊರಿ, ಮೋಹನ್ ಬಾಗನ್‌ನ ಬ್ರೆಜಿಲ್ ಆಟಗಾರ ಜೋಸ್ ಬ್ಯಾರೆಟೊ: ಕೋಲ್ಕತ್ತದ ಅಭಿಮಾನಿಗಳು ಮೂರು ದಶಕ ಇಂಥವರ ಹೆಸರಲ್ಲೇ ಜಗಳವಾಡಿದ್ದಾರೆ. 2002ರಲ್ಲಿ ಮೋಹನ್ ಬಾಗನ್ ಸೇರಿದ ಹದಿಹರೆಯದ ಹುಡುಗನೊಬ್ಬ ಬ್ಯಾರೆಟೊ ಆಟವನ್ನು ಪಕ್ಕದಲ್ಲೇ ನಿಂತು ನೋಡಿ ಬೆಳೆದ. ಅವನೇ ಸುನಿಲ್ ಚೆಟ್ರಿ.

ಅಶೋಕನಗರದಲ್ಲಿ ಆರಂಭ

ಜೆಎಸ್‌ಡಬ್ಲ್ಯು ಸಮೂಹ 2013ರಲ್ಲಿ ಬೆಂಗಳೂರು ಎಫ್‌ಸಿ ಕಟ್ಟಿದಾಗ ತಂಡ ಆಡಿದ್ದು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ. ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್ ಕೋಚ್, ಚೆಟ್ರಿ ನಾಯಕ. ಮುಂದಿನ ಸಾಲಿನಲ್ಲಿ ಚೆಟ್ರಿಗೆ ಜತೆಯಾದವರು ಆಸ್ಟ್ರೇಲಿಯಾದ ಶಾನ್ ರೂನಿ. ಹಿಂದೆ ಇಂಗ್ಲೆಂಡಿನ ಜಾನ್ ಜಾನ್ಸನ್, ಕೆನ್ಯಾದ ಕರ್ಟಿಸ್ ಒಸಾನೊ.

ಹೊಸ ಕ್ಲಬ್ಬು ಮೊದಲ ಯತ್ನದಲ್ಲೇ ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೊಮ್ಮೆ ಗೆದ್ದಿತು. 2016ರ ಅಕ್ಟೋಬರ್‌ನಲ್ಲಿ ಎಎಫ್‌ಸಿ ಕಪ್ ಸೆಮಿಫೈನಲ್‌ಗೆ ಹಿಂದಿನ ವರ್ಷದ ಚಾಂಪಿಯನ್ ಆಗಿದ್ದ ಮಲೇಷ್ಯಾದ ಜೊಹೊರ್ ತಂಡ ಅಷ್ಟರಲ್ಲಿ ತವರು ಅಂಗಣವಾಗಿದ್ದ ಕಂಠೀರವಕ್ಕೆ ಬಂದಾಗ ಚೆಟ್ರಿ ಎರಡು, ಸ್ಪೇನ್‌ನ ಡಿಫೆಂಡರ್ ಹುವಾನನ್ ಒಂದು ಗೋಲು ಹೊಡೆದರು. ಏಷ್ಯಾದ ಆ ಟೂರ್ನಿಯ ಫೈನಲ್‌ಗೆ ಭಾರತದ ಕ್ಲಬ್ಬೊಂದು ಹೋದದ್ದು ಅದೇ ಮೊದಲು. ದೋಹಾದ ಫೈನಲ್‌ನಲ್ಲಿ ಇರಾಕ್‌ನ ವಾಯುಪಡೆ ತಂಡದ ಎದುರು ಒಂದು ಗೋಲಿನಿಂದ ಸೋಲಾಯಿತು.

ಆ ವರ್ಷಗಳಲ್ಲಿ ‘ನಮ್ಮವರೋ ವಿದೇಶಿಗರೋ’ ಎಂಬ ಜಗಳಕ್ಕೆ ಹೆಚ್ಚು ಕಾವಿರಲಿಲ್ಲ. ಐ-ಲೀಗ್‌ನಲ್ಲಿ ವಿದೇಶಿಗರು ನಾಲ್ವರು ಮಾತ್ರ, ಅವರಲ್ಲೊಬ್ಬರು ಏಷ್ಯಾದವರೇ ಆಗಿರಬೇಕಿತ್ತು. ಮುಂದಿನ ಸಾಲಿನಲ್ಲಿ ಚೆಟ್ರಿ, ರಾಬಿನ್ ಸಿಂಗ್, ಸಿ.ಕೆ. ವಿನೀತ್ ಅವರಂಥವರಿಗೆ ಜಾಗವಿತ್ತು. ಗೆಲುವೂ ಇತ್ತು.

ಮಿಕು ಬಂದಾಗ

2017ರಲ್ಲಿ ಕ್ಲಬ್ಬು ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್‌ಗೆ ಜಿಗಿಯಿತು. ಆಗ ಬಂದವರು ವೆನೆಜುವೆಲಾದ ನಿಕೊಲಾಸ್ ಫೆಡೊರ್. ಎಲ್ಲರ ಬಾಯಲ್ಲಿ ಮಿಕು. ಸ್ಪೇನ್‌ನ ಲಾ ಲಿಗಾದಲ್ಲಿ ಆಡಿ ಬಂದ ಮನುಷ್ಯ. ಎದೆಯ ಮೇಲೆ ಚೆಂಡು ಇಳಿಸಿಕೊಂಡು ಒಂದೇ ತಿರುವಿನಲ್ಲಿ ಡಿಫೆಂಡರ್‌ನನ್ನು ಹಿಂದೆ ಬಿಡುತ್ತಿದ್ದ ಅವರ ಆಟ ಕಂಠೀರವದ ಜನ ಹತ್ತಿರದಿಂದ ಕಂಡಿರದಂಥದ್ದು.

ಮಿಕುಗೆ ಜಾಗ ಮಾಡಿಕೊಡಲು ಕೋಚ್ ಆಲ್ಬರ್ಟ್ ರೊಕಾ ಒಂದು ನಿರ್ಧಾರ ತೆಗೆದುಕೊಂಡರು. ದೇಶದ ತಂಡಕ್ಕೆ ನಡುಮುಂದಿನಲ್ಲಿ (ಸೆಂಟರ್ ಫಾರ್ವರ್ಡ್) ಆಡುತ್ತಿದ್ದ ಚೆಟ್ರಿ ಕ್ಲಬ್ಬಿನಲ್ಲಿ ಎಡಬದಿಗೆ ಸರಿದರು. ನಾಯಕನನ್ನೇ ಅಂಚಿಗೆ ತಳ್ಳಿದರಲ್ಲ ಎಂದು ಗೊಣಗಿದವರಿಗೆ ಉತ್ತರ ಅಂಕಿಗಳಲ್ಲಿ ಬಂತು. ಆ ಸೀಸನ್‌ನಲ್ಲಿ ಮಿಕು 15 ಗೋಲು, ಚೆಟ್ರಿ 14. ಎಡದಿಂದ ಒಳಗೆ ನುಗ್ಗುವ ಚೆಟ್ರಿಗೆ ಮಿಕು ಡಿಫೆಂಡರ್‌ಗಳನ್ನು ಸೆಳೆದು ದಾರಿ ಬಿಡಿಸುತ್ತಿದ್ದರು. ಬೆಂಗಳೂರು 40 ಪಾಯಿಂಟ್‌ಗಳೊಂದಿಗೆ ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆಯಿತು. ಎರಡನೇ ತಂಡಕ್ಕೂ ಅದಕ್ಕೂ ಎಂಟು ಪಾಯಿಂಟ್‌ಗಳ ಅಂತರ. ಪುಣೆ ಎದುರಿನ ಸೆಮಿಫೈನಲ್‌ನಲ್ಲಿ ಚೆಟ್ರಿ ಹ್ಯಾಟ್ರಿಕ್ ಹೊಡೆದರು.

2018ರ ಮಾರ್ಚ್ 17ರ ಫೈನಲ್ ಕಂಠೀರವದಲ್ಲೇ ನಡೆಯಿತು. ಉದಾಂತ ಸಿಂಗ್ ಬಲದಿಂದ ಕೊಟ್ಟ ಚೆಂಡಿಗೆ ಚೆಟ್ರಿ ಹಾರಿ ತಲೆಕೊಟ್ಟಾಗ ಕ್ರೀಡಾಂಗಣ ಎದ್ದು ಕುಣಿಯಿತು. ಆದರೆ ಚೆನ್ನೈಯಿನ್ ತಂಡದ ಬ್ರೆಜಿಲ್ ಡಿಫೆಂಡರ್ ಮೈಲ್ಸನ್ ಆಲ್ವೆಸ್ ಎರಡು ಕಾರ್ನರ್‌ಗಳಿಗೆ ಎರಡು ಹೆಡರ್ ಹಾಕಿ ಪಂದ್ಯವನ್ನೇ ತಿರುಗಿಸಿದರು. ಕೊನೆಯ ಗಳಿಗೆಯಲ್ಲಿ ಮಿಕು ಒಂದು ಹೊಡೆದರೂ 3-2ರ ಸೋಲು ತಪ್ಪಲಿಲ್ಲ. ಮರು ವರ್ಷ ಮುಂಬೈನಲ್ಲಿ ಎಫ್‌ಸಿ ಗೋವಾ ಎದುರಿನ ಫೈನಲ್ ಹೆಚ್ಚುವರಿ ಅವಧಿಗೆ ಹೋಯಿತು. ಆಟ ಮುಗಿಯಲು ಕೆಲವೇ ನಿಮಿಷ ಇರುವಾಗ ಸ್ಪೇನ್‌ನ ಡಿಮಾಸ್ ಡೆಲ್ಗಾಡೊ ಹಾಕಿದ ಕಾರ್ನರ್‌ಗೆ ತಲೆಕೊಟ್ಟು ಕಪ್ ತಂದವರು ರಾಹುಲ್ ಭೇಕೆ. ಅವರು ಡಿಫೆಂಡರ್.

ವಿದೇಶಿ ಸ್ಟ್ರೈಕರ್ ಬಂದರೆ ನಮ್ಮವನ ಅನ್ನ ಕಿತ್ತುಕೊಂಡಂತೆ ಎಂದು ಹೇಳುವವರು ಈ ಎರಡು ವರ್ಷಗಳನ್ನು ನೆನಪಿಸಿಕೊಳ್ಳಬೇಕು. ಒಳ್ಳೆಯವನು ಬಂದರೆ ಪಕ್ಕದವನೂ ಏರುತ್ತಾನೆ. ಆದರೆ ಆಗ ಪಕ್ಕದಲ್ಲಿದ್ದವರು ಚೆಟ್ರಿ. ಜಾಗ ಬದಲಾದರೂ ಗೋಲು ಹುಡುಕಿಕೊಳ್ಳುವ ಅನುಭವ ಅವರಿಗಿತ್ತು. ಇಪ್ಪತ್ತರ ಹುಡುಗನೊಬ್ಬನನ್ನು ಹಾಗೆ ಅಂಚಿಗೆ ಸರಿಸಿದರೆ ಅವನು ವಿಂಗರ್ ಆಗಿಯೇ ಉಳಿಯುತ್ತಾನೆ. ನಮ್ಮ ದೇಶದಲ್ಲಿ ವೇಗದ ವಿಂಗರ್‌ಗಳಿಗೆ ಬರವಿಲ್ಲ, ನಡುವೆ ನಿಲ್ಲುವವರಿಗೆ ಬರ. ಅದಕ್ಕೆ ಕಾರಣ ಇಲ್ಲಿದೆ.

ಹನ್ನೊಂದರಲ್ಲಿ ನಾಲ್ಕು

ನಿಯಮ ಏನು ಹೇಳುತ್ತದೆ? 2014ರಲ್ಲಿ ಐಎಸ್‌ಎಲ್ ಶುರುವಾದಾಗ ಅಂಗಣದಲ್ಲಿ ಒಂದು ತಂಡಕ್ಕೆ ಆರು ವಿದೇಶಿಗರಿಗೆ ಅವಕಾಶವಿತ್ತು. ಅಂದರೆ ಭಾರತದ ಲೀಗ್‌ನಲ್ಲಿ ಭಾರತೀಯರೇ ಕಡಿಮೆ. 2017-18ರಿಂದ ಅದು ಐದಕ್ಕೆ ಇಳಿಯಿತು. 2021-22ರಿಂದ ನಾಲ್ಕು. ತಂಡದ ಪಟ್ಟಿಯಲ್ಲಿ ಆರು ಮಂದಿ ಇರಬಹುದು, ಒಮ್ಮೆಗೆ ಅಂಗಣದಲ್ಲಿ ನಾಲ್ವರಷ್ಟೇ.

ಸಂಖ್ಯೆ ಇಳಿದದ್ದು ಒಳ್ಳೆಯದೇ. ಆದರೆ ಪರಿಣಾಮ ಎಲ್ಲ ಜಾಗಗಳಲ್ಲೂ ಒಂದೇ ರೀತಿ ಆಗಲಿಲ್ಲ. ನಾಲ್ಕೇ ಸೀಟು ಇವೆ ಎಂದಾಗ ಕ್ಲಬ್ಬುಗಳು ಅವನ್ನು ತಂಡದ ಬೆನ್ನೆಲುಬಿಗೆ ಮೀಸಲಿಡುತ್ತವೆ: ಒಬ್ಬ ಸೆಂಟರ್ ಬ್ಯಾಕ್, ಒಬ್ಬನೋ ಇಬ್ಬರೋ ನಡು ಅಂಗಣದವರು, ಒಬ್ಬ ಸ್ಟ್ರೈಕರ್. ಭಾರತೀಯರಿಗೆ ಸಿಗುವುದು ಗೋಲ್‌ಕೀಪಿಂಗ್, ಎರಡು ಬದಿಯ ರಕ್ಷಣೆ, ಎರಡು ವಿಂಗ್. ಆರರಿಂದ ನಾಲ್ಕಕ್ಕೆ ಇಳಿದಾಗ ಮೊದಲು ಬಿಟ್ಟುಕೊಟ್ಟದ್ದು ಬದಿಯ ಜಾಗಗಳನ್ನು, ಕೊನೆಯವರೆಗೆ ಬಿಡದೆ ಹಿಡಿದುಕೊಂಡದ್ದು ಗೋಲಿನ ಮುಂದಿನ ಜಾಗವನ್ನು.

ಐಎಸ್‌ಎಲ್‌ನ ಪ್ರತಿ ಸೀಸನ್‌ನ ಅಗ್ರ ಗೋಲುಗಾರನಿಗೆ ಸಿಗುವ ಗೋಲ್ಡನ್ ಬೂಟ್ ಪಟ್ಟಿಯನ್ನೇ ನೋಡಿ. 2014ರಲ್ಲಿ ಬ್ರೆಜಿಲ್‌ನ ಎಲಾನೊ. 2017-18 ಮತ್ತು 2018-19ರಲ್ಲಿ ಗೋವಾದ ಸ್ಪೇನ್ ಆಟಗಾರ ಫೆರಾನ್ ಕೊರೊಮಿನಾಸ್. 2021-22ರಲ್ಲಿ ನೈಜೀರಿಯಾದ ಬಾರ್ತೊಲೊಮ್ಯು ಒಗ್ಬೆಚೆ. 2024-25ರಲ್ಲಿ 23 ಗೋಲು ಹೊಡೆದ ನಾರ್ತ್‌ಈಸ್ಟ್ ಯುನೈಟೆಡ್‌ನ ಮೊರೊಕ್ಕೊ ಆಟಗಾರ ಅಲಾಯೆದ್ದೀನ್ ಅಜರಾಯ್. ಅದುವರೆಗಿನ ಹನ್ನೊಂದು ಸೀಸನ್‌ಗಳಲ್ಲಿ ಒಮ್ಮೆಯೂ ಒಬ್ಬ ಭಾರತೀಯನಿಗೆ ಆ ಬೂಟು ಸಿಗಲಿಲ್ಲ. ಎಲ್ಲ ಸೀಸನ್ ಕೂಡಿಸಿ ನೋಡಿದರೆ ಅತಿ ಹೆಚ್ಚು ಗೋಲು ಹೊಡೆದವರು ಚೆಟ್ರಿಯೇ. ಅಷ್ಟು ವರ್ಷ ನಿಂತು ಆಡಿದ್ದಕ್ಕೆ ಸಿಕ್ಕ ದಾಖಲೆ ಅದು. ಅವರ ಹಿಂದೆ ಬರಬೇಕಾದವರ ಸಾಲು ಖಾಲಿ.

ಇಲ್ಲಿ ಬಾಡಿದವರು, ಅಲ್ಲಿ ಚಿಗುರಿದರು

ಮಿಕು 2019ರಲ್ಲಿ ಹೊರಟುಹೋದರು. ಅಲ್ಲಿಂದಾಚೆಗೆ ಬೆಂಗಳೂರಿನ ಅಭಿಮಾನಿಗಳ ನೋವು ಬೇರೆಯದೇ ಆಯಿತು.

ಸ್ಪೇನ್‌ನ ಮ್ಯಾನುಯಲ್ ಒನ್ವು ಬಂದರು. ಗಾಯ, ಗೋಲಿಗೆ ಪರದಾಟ. 2020ರ ಜನವರಿಯಲ್ಲಿ ಅವರನ್ನು ಒಡಿಶಾಗೆ ಎರವಲು ಕೊಟ್ಟರು. ಅಲ್ಲಿ ಹೋದದ್ದೇ ತಡ, ಗೋಲಿನ ಮೇಲೆ ಗೋಲು. ನಾರ್ವೆಯ ಕ್ರಿಸ್ಟಿಯನ್ ಒಪ್ಸೆತ್ ಬಂದದ್ದೂ ಹೋದದ್ದೂ ಹಲವರಿಗೆ ನೆನಪಿರಲಿಕ್ಕಿಲ್ಲ. ಬ್ರೆಜಿಲ್‌ನ ಕ್ಲೇಟನ್ ಸಿಲ್ವಾ ಎರಡು ಸೀಸನ್ ಆಡಿದರು, ಚೆನ್ನಾಗಿಯೇ ಆಡಿದರು. ಆದರೆ ಆ ಎರಡೂ ವರ್ಷ ಕೋವಿಡ್ ಕಾರಣಕ್ಕೆ ಐಎಸ್‌ಎಲ್ ಪೂರ್ತಿ ಗೋವಾದಲ್ಲಿ, ಬಹುಪಾಲು ಪ್ರೇಕ್ಷಕರಿಲ್ಲದ ಅಂಗಣಗಳಲ್ಲಿ ನಡೆಯಿತು. ಐಎಸ್‌ಎಲ್‌ನಲ್ಲಿ ನೀಲಿ ಜೆರ್ಸಿ ತೊಟ್ಟ ಕ್ಲೇಟನ್ ಅವರನ್ನು ಕಂಠೀರವ ನೋಡಲೇ ಇಲ್ಲ. ನೋಡಿದ್ದು 2022ರ ನವೆಂಬರ್‌ನಲ್ಲಿ, ಈಸ್ಟ್ ಬೆಂಗಾಲ್ ಜೆರ್ಸಿಯಲ್ಲಿ. ಆ ರಾತ್ರಿ ಪಂದ್ಯದ ಏಕೈಕ ಗೋಲು ಅವರದೇ. ಆ ಸೀಸನ್‌ನಲ್ಲಿ 12 ಗೋಲು ಹೊಡೆದು ಲೀಗ್‌ನ ಅಗ್ರ ಸ್ಕೋರರ್‌ಗಳ ಸಾಲಿಗೆ ಸೇರಿದರು.

ಆಮೇಲೆ ರಾಯ್ ಕೃಷ್ಣ. ಭಾರತೀಯ ಮೂಲದ ಫಿಜಿ ಆಟಗಾರ, ಕೋಲ್ಕತ್ತದಲ್ಲಿ ಹೆಸರು ಮಾಡಿ ಬಂದವರು. ಇಲ್ಲಿ ಒಂದು ಸೀಸನ್ ಆಡಿ 2023ರಲ್ಲಿ ಒಡಿಶಾಗೆ ಹೋದರು. ಅಲ್ಲಿನ ಮೊದಲ ಸೀಸನ್‌ನಲ್ಲೇ 13 ಗೋಲು. ಇತ್ತ ಅದೇ 2023-24ರಲ್ಲಿ ಬೆಂಗಳೂರು ಹನ್ನೆರಡು ತಂಡಗಳಲ್ಲಿ ಹತ್ತನೆಯದಾಗಿ ಮುಗಿಸಿತು.

‘ನಮ್ಮಲ್ಲಿದ್ದಾಗ ಹೊಡೆಯದವರು ಬಿಟ್ಟುಹೋದ ಮೇಲೆ ಯಾಕೆ ಹೊಡೆಯುತ್ತಾರೆ?’ ಎಂಬ ಸಂಕಟ ಪಶ್ಚಿಮ ಗ್ಯಾಲರಿಯದು. ಇದನ್ನು ಹಣೆಬರಹಕ್ಕೆ ಬಿಟ್ಟರೆ ಏನೂ ಅರ್ಥವಾಗುವುದಿಲ್ಲ. ವಿದೇಶಿ ಆಟಗಾರರ ಆಯ್ಕೆ ಹೇಗೆ ನಡೆಯುತ್ತದೆ ಎಂಬುದನ್ನು ನೋಡಬೇಕು.

ಯುರೋಪಿನ ದೊಡ್ಡ ಕ್ಲಬ್ಬುಗಳ ಹಾಗೆ ಕೋಟಿಗಟ್ಟಲೆ ವರ್ಗಾವಣೆ ಶುಲ್ಕ ಕೊಟ್ಟು ತರುವ ಪದ್ಧತಿ ಇಲ್ಲಿ ಹೆಚ್ಚಿಲ್ಲ. ಒಪ್ಪಂದ ಮುಗಿದು ಬಿಡುವಾಗಿರುವವರನ್ನು ಏಜೆಂಟರ ಮೂಲಕ, ವಿಡಿಯೊ ನೋಡಿ, ಅಂಕಿಅಂಶ ತೂಗಿ ಆರಿಸುತ್ತಾರೆ. ಹಾಗೆ ಸಿಗುವವರು ಬಹುಪಾಲು ಮೂವತ್ತರ ಆಸುಪಾಸಿನವರು. ಸ್ಪೇನ್‌ನ ಕೆಳ ಹಂತದ ಲೀಗ್‌ಗಳು, ಆಸ್ಟ್ರೇಲಿಯಾದ ಎ-ಲೀಗ್ ಹಳೆಯ ಮೂಲಗಳು. ಒಪ್ಪಂದ ಸಾಮಾನ್ಯವಾಗಿ ಒಂದು ವರ್ಷಕ್ಕೆ, ಹೆಚ್ಚೆಂದರೆ ಎರಡಕ್ಕೆ. ಬಂದವನಿಗೆ ಇಲ್ಲಿನ ಸೆಕೆ, ಹುಲ್ಲು, ದೂರದ ಪ್ರಯಾಣ, ಜತೆಗಾರರ ಆಟದ ಲಯ ಹಿಡಿಯಲು ಕೆಲವು ತಿಂಗಳು ಬೇಕು. ಹಿಡಿಯುವಷ್ಟರಲ್ಲಿ ಸೀಸನ್ ಮುಗಿದಿರುತ್ತದೆ. ಎರಡನೇ ವರ್ಷ ಅವನು ಅರಳುವುದು ಇನ್ನೊಂದು ಊರಿನಲ್ಲಿ.

ಹಾಗಾಗಿ ಈಗ ಕ್ಲಬ್ಬುಗಳು ‘ಇಲ್ಲಿ ಆಗಲೇ ಆಡಿ ತೋರಿಸಿದವನು ಬೇಕು’ ಎನ್ನುತ್ತವೆ. ಅರ್ಜೆಂಟೀನಾದ ಹೊರ್ಹೆ ಪೆರೇರಾ ಡಿಯಾಜ್ ಕೇರಳ ಬ್ಲಾಸ್ಟರ್ಸ್, ಮುಂಬೈ ಸಿಟಿ ಮುಗಿಸಿ 2024ರಲ್ಲಿ ಬೆಂಗಳೂರಿಗೆ ಬಂದರು. ಅದೇ ಕೆಲವು ಹೆಸರುಗಳು ತಂಡದಿಂದ ತಂಡಕ್ಕೆ ಸುತ್ತುತ್ತಿರುತ್ತವೆ. ಇದರಲ್ಲಿ ಕ್ಲಬ್ಬಿಗೆ ಅಪಾಯ ಕಡಿಮೆ, ಹೊಸಬನಿಗೆ ಬಾಗಿಲೂ ಕಡಿಮೆ.

ಕೋಚ್‌ಗಳನ್ನೂ ದೂರುವಂತಿಲ್ಲ. ಕಪ್ ತಂದುಕೊಟ್ಟ ಕಾರ್ಲೆಸ್ ಕ್ವಾದ್ರತ್ 2021ರ ಜನವರಿಯಲ್ಲಿ ಸೀಸನ್ ನಡುವೆಯೇ ಹೊರಟರು. ಸೈಮನ್ ಗ್ರೇಸನ್ 2023ರ ಡಿಸೆಂಬರ್‌ನಲ್ಲಿ. ನಾಲ್ಕು ಪಂದ್ಯ ಸೋತರೆ ಕುರ್ಚಿ ಅಲುಗಾಡುವ ಜಾಗದಲ್ಲಿ ಕೂತವನು ಹತ್ತೊಂಬತ್ತರ ಹುಡುಗನ ಮೇಲೆ ತನ್ನ ಕೆಲಸವನ್ನು ಪಣಕ್ಕಿಡು ಎಂದರೆ ಇಡುವುದು ಕಷ್ಟ.

ನಾಯಕ ಬೆಂಚಿನಲ್ಲಿ

ಅದೇ ಗ್ರೇಸನ್ ಒಮ್ಮೆ ಅಂಥ ಪಣ ಇಟ್ಟರು. 2022-23ರ ಕಥೆ ಅದು. ಈ ಇಡೀ ವಾದದಲ್ಲಿ ನನಗೆ ಅತ್ಯಂತ ಇಷ್ಟವಾದ ಅಧ್ಯಾಯ ಅದು.

ತಮಿಳುನಾಡಿನ ಶಿವಶಕ್ತಿ ನಾರಾಯಣನ್ ಕ್ಲಬ್ಬಿನ ಕಿರಿಯರ ತಂಡದಿಂದ ಬಂದ ಹುಡುಗ. 2022ರ ಸೆಪ್ಟೆಂಬರ್‌ನಲ್ಲಿ ಕೋಲ್ಕತ್ತದಲ್ಲಿ ನಡೆದ ಡುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಎದುರು ಮೊದಲ ಗೋಲು ಅವರದು, ಗೆಲುವಿನ ಗೋಲು ಬ್ರೆಜಿಲ್‌ನ ಅಲನ್ ಕೋಸ್ಟಾ ಅವರದು. ಐಎಸ್‌ಎಲ್‌ನಲ್ಲಿ ತಂಡ ಆರಂಭದಲ್ಲಿ ಮುಗ್ಗರಿಸಿತು. ಆಗ ಗ್ರೇಸನ್ ರಾಯ್ ಕೃಷ್ಣ ಜತೆಗೆ ಶಿವಶಕ್ತಿಯನ್ನು ಮುಂದೆ ನಿಲ್ಲಿಸಿ, ಚೆಟ್ರಿಯನ್ನು ಬೆಂಚಿಗೆ ಕರೆದರು. ಗ್ಯಾಲರಿಯಲ್ಲಿ ಅಸಮಾಧಾನ ಎದ್ದಿತು. ಈ ಸಲ ತಕರಾರು ವಿದೇಶಿಯ ಮೇಲಲ್ಲ, ನಮ್ಮದೇ ಹುಡುಗನಿಗಾಗಿ ನಮ್ಮದೇ ನಾಯಕನನ್ನು ಕೂರಿಸಿದ್ದಕ್ಕೆ. ತಂಡ ಗೆಲ್ಲತೊಡಗಿತು. ಶಿವಶಕ್ತಿ ಓಡಿ ಓಡಿ ಡಿಫೆಂಡರ್‌ಗಳನ್ನು ಸುಸ್ತು ಮಾಡಿದ ಮೇಲೆ ಕೊನೆಯ ಅರ್ಧ ಗಂಟೆಗೆ ಚೆಟ್ರಿ ಇಳಿಯುತ್ತಿದ್ದರು.

2023ರ ಮಾರ್ಚ್ 3ರಂದು ಕೇರಳ ಬ್ಲಾಸ್ಟರ್ಸ್ ಎದುರಿನ ನಾಕೌಟ್ ಪಂದ್ಯದಲ್ಲೂ ಚೆಟ್ರಿ ಬದಲಿ ಆಟಗಾರ. ಹೆಚ್ಚುವರಿ ಅವಧಿಯಲ್ಲಿ ಎದುರಾಳಿಗಳು ಗೋಡೆ ಕಟ್ಟಿಕೊಳ್ಳುವ ಮೊದಲೇ ಫ್ರೀ ಕಿಕ್ ಹೊಡೆದು ಗೋಲು ಮಾಡಿದರು. ಬ್ಲಾಸ್ಟರ್ಸ್ ಸಿಟ್ಟಿನಿಂದ ಅಂಗಣ ಬಿಟ್ಟು ಹೊರನಡೆಯಿತು. ಗೋವಾದ ಫೈನಲ್‌ನಲ್ಲಿ ಶಿವಶಕ್ತಿ ಮೊದಲ ನಿಮಿಷಗಳಲ್ಲೇ ಗಾಯಗೊಂಡು ಹೊರಗೆ ಬಂದರು. ಅವರ ಜಾಗಕ್ಕೆ ಬಂದ ಚೆಟ್ರಿ ಒಂದು, ರಾಯ್ ಕೃಷ್ಣ ಒಂದು ಗೋಲು ಹೊಡೆದರು. 2-2. ಶೂಟೌಟ್‌ನಲ್ಲಿ ತಪ್ಪಿದ ಎರಡು ಹೊಡೆತಗಳೂ ವಿದೇಶಿ ಆಟಗಾರರದು, ಬ್ರೂನೊ ರಮಿರೆಸ್ ಮತ್ತು ಪಾಬ್ಲೊ ಪೆರೆಜ್. ಗೆದ್ದದ್ದು ಎಟಿಕೆ ಮೋಹನ್ ಬಾಗನ್. ಆ ಇಬ್ಬರನ್ನು ಹೊಣೆ ಮಾಡಿ ಆಡಿದ ಮಾತುಗಳು ನ್ಯಾಯವಲ್ಲ. ಪೆನಾಲ್ಟಿ ತಪ್ಪಲು ಪಾಸ್‌ಪೋರ್ಟ್ ಕಾರಣವಾಗುವುದಿಲ್ಲ.

ಒಬ್ಬ ವಿದೇಶಿ, ಒಬ್ಬ ಎಳೆಯ, ಒಬ್ಬ ಹಿರಿಯ. ಮೂವರೂ ಒಂದೇ ಜಾಗವನ್ನು ಹಂಚಿಕೊಂಡು ತಂಡವನ್ನು ಫೈನಲ್‌ವರೆಗೆ ಒಯ್ದರು. ಐದು ಬದಲಿ ಆಟಗಾರರನ್ನು ಇಳಿಸಲು ಅವಕಾಶವಿರುವ ಈ ಕಾಲದಲ್ಲಿ ಅದು ಯಾವ ತಂಡಕ್ಕೂ ಆಗದ ಕೆಲಸವಲ್ಲ.

ಬೆಂಗಳೂರಿಗರೇ ಹೊರಗಿನವರಾಗಿದ್ದಾಗ

ಬ್ಲಾಸ್ಟರ್ಸ್ ಅಂಗಣ ಬಿಟ್ಟು ಹೋದ ಮರುದಿನ, ಅಂದರೆ 2023ರ ಮಾರ್ಚ್ 4ರಂದು, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತು. 54 ವರ್ಷಗಳ ನಂತರ. ವಿದೇಶಿಗರಿಲ್ಲದ ಟೂರ್ನಿಯಲ್ಲಿ, ನಮ್ಮ ಲೀಗ್‌ಗಳಲ್ಲಿ ಆಡುವ ಹುಡುಗರೇ ಫೈನಲ್‌ನಲ್ಲಿ ಮೂರು ಗೋಲು ಹೊಡೆದಿದ್ದರು. ಆ ವಾರ ಊರಿನ ಮಾತೆಲ್ಲ ಚೆಟ್ರಿಯ ಫ್ರೀ ಕಿಕ್ ಸುತ್ತಲೇ ಇತ್ತು. ಈ ಗೆಲುವಿಗೆ ಸಲ್ಲಬೇಕಾದಷ್ಟು ಸಂಭ್ರಮ ಸಲ್ಲಲಿಲ್ಲವೆಂಬ ಬೇಸರ ನನಗೆ ಇಂದಿಗೂ ಇದೆ.

ಮೈಸೂರು ತಂಡ ಎನ್ನಿಸಿಕೊಂಡಿದ್ದಾಗ 1946-47, 1952-53, 1967-68, 1968-69ರಲ್ಲಿ ಇದೇ ಟ್ರೋಫಿ ಗೆದ್ದಿದ್ದೆವು. 1937ರಲ್ಲಿ ರೋವರ್ಸ್ ಕಪ್ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ತಂಡ. ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್, ಹಲಸೂರಿನ ಬಯಲುಗಳು ಮುಂಪಡೆ ಆಟಗಾರರನ್ನು ಬೆಳೆಸುತ್ತಿದ್ದವು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು.

ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಕೋಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್ ಸೇರಿದರು. ಅಪ್ಪಾರಾವ್, ಧನರಾಜ್, ಸಾಲೆ, ವೆಂಕಟೇಶ್, ಅಹ್ಮದ್ ಖಾನ್ ಈ ಐವರ ಮುಂಪಡೆಗೆ ಅಲ್ಲಿನ ಜನ ಇಟ್ಟ ಹೆಸರು ಪಂಚ ಪಾಂಡವರು. ಐವರಲ್ಲಿ ಒಬ್ಬರೂ ಬಂಗಾಳದವರಲ್ಲ. ಬಂಗಾಳಿ ಹುಡುಗರ ಜಾಗವನ್ನು ದಕ್ಷಿಣದವರು ಆಕ್ರಮಿಸಿದರು ಎನ್ನಬಹುದಿತ್ತು. ಅವರು ಗೆದ್ದುಕೊಟ್ಟರು, ಜನ ತಲೆಯ ಮೇಲೆ ಹೊತ್ತು ಮೆರೆಸಿದರು.

ನಮ್ಮವನು ಎಂಬ ಮಾತಿಗೆ ಗಡಿ ಎಳೆಯುವುದು ಸುಲಭವಲ್ಲ. ಚೆಟ್ರಿ ಹುಟ್ಟಿದ್ದು ಸಿಕಂದರಾಬಾದಿನಲ್ಲಿ, ಮನೆಮಾತು ನೇಪಾಳಿ, ಅಪ್ಪ ಸೈನಿಕ. ಅವರಷ್ಟು ಬೆಂಗಳೂರಿನವರು ಬೇರೆ ಯಾರಿದ್ದಾರೆ ಎಂದು ಪಶ್ಚಿಮ ಗ್ಯಾಲರಿಯನ್ನು ಕೇಳಿ ನೋಡಿ.

ನಲವತ್ತರ ಆಟಗಾರನಿಗೆ ಬಂದ ಕರೆ

2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ಎದುರು ಆಡಿ ಚೆಟ್ರಿ ದೇಶದ ತಂಡಕ್ಕೆ ವಿದಾಯ ಹೇಳಿದರು. ಆಗ ಅವರ ಹೆಸರಿನಲ್ಲಿ 151 ಪಂದ್ಯ, 94 ಗೋಲು. ಮುಂದಿನ ತಿಂಗಳುಗಳಲ್ಲಿ ಭಾರತಕ್ಕೆ ಗೋಲು ಹೊಡೆಯುವವರು ಸಿಗಲಿಲ್ಲ. ಇತ್ತ ಕ್ಲಬ್ಬಿಗೆ ಆಡುತ್ತ ಚೆಟ್ರಿ 2024ರ ಡಿಸೆಂಬರ್‌ನಲ್ಲಿ ಬ್ಲಾಸ್ಟರ್ಸ್ ಎದುರು ಹ್ಯಾಟ್ರಿಕ್ ಹೊಡೆದರು. ಆ ಸೀಸನ್‌ನಲ್ಲಿ 14 ಗೋಲು ಗಳಿಸಿ, ಭಾರತೀಯರಲ್ಲಿ ಎಲ್ಲರಿಗಿಂತ ಮುಂದೆ ನಿಂತರು. ಕೊನೆಗೆ 2025ರ ಮಾರ್ಚ್‌ನಲ್ಲಿ ಭಾರತದ ಕೋಚ್ ಮನೊಲೊ ಮಾರ್ಕೆಜ್ ಚೆಟ್ರಿಯನ್ನು ದೇಶದ ತಂಡಕ್ಕೆ ವಾಪಸ್ ಕರೆಸಿಕೊಂಡರು. ಶಿಲ್ಲಾಂಗ್‌ನಲ್ಲಿ ಮಾಲ್ದೀವ್ಸ್ ಎದುರು 95ನೇ ಗೋಲು ಬಂತು. ಆಗ ಅವರಿಗೆ ನಲವತ್ತು.

ಆಟಗಾರನಾಗಿ ಅದು ಚೆಟ್ರಿಯ ಹಿರಿಮೆ. ವ್ಯವಸ್ಥೆಗೆ ಅದು ನಾಚಿಕೆಯ ವಿಷಯ. 140 ಕೋಟಿ ಜನರ ದೇಶ ನಿವೃತ್ತನಾದವನ ಮನೆಯ ಬಾಗಿಲು ತಟ್ಟಬೇಕಾಯಿತು. ಅದೂ ಸಾಲಲಿಲ್ಲ. 2025ರ ಅಕ್ಟೋಬರ್ 14ರಂದು ಗೋವಾದಲ್ಲಿ ಸಿಂಗಪುರ ಎದುರು 2-1ರಿಂದ ಸೋತು, 2027ರ ಏಷ್ಯನ್ ಕಪ್‌ಗೆ ಹೋಗುವ ದಾರಿಯೂ ಮುಚ್ಚಿತು. ಕ್ಲಬ್ಬುಗಳು ಭಾರತೀಯ ಸ್ಟ್ರೈಕರ್‌ಗಳನ್ನು ಆಡಿಸುವುದಿಲ್ಲ ಎಂದು ಹಿಂದಿನ ಕೋಚ್ ಇಗೊರ್ ಸ್ಟಿಮಾಚ್ ವರ್ಷಗಟ್ಟಲೆ ಹೇಳುತ್ತಿದ್ದರು. ಅವರ ಎಷ್ಟೋ ಮಾತುಗಳನ್ನು ಒಪ್ಪದಿರಬಹುದು, ಈ ಮಾತು ನಿಜ.

ಕೇಳಬೇಕಾದದ್ದು ನಿಮಿಷಗಳ ಲೆಕ್ಕ

ವಿದೇಶಿಗರನ್ನು ಪೂರ್ತಿ ನಿಲ್ಲಿಸಿಬಿಡಿ ಎಂಬ ಕೂಗನ್ನು ನಾನು ಒಪ್ಪುವುದಿಲ್ಲ. ಒಳ್ಳೆಯ ಸ್ಟ್ರೈಕರ್ ಎದುರು ಆಡಿಯೇ ನಮ್ಮ ಡಿಫೆಂಡರ್‌ಗಳು ಗಟ್ಟಿಯಾದದ್ದು. 2025ರ ಏಪ್ರಿಲ್ 12ರ ಐಎಸ್‌ಎಲ್ ಫೈನಲ್‌ನಲ್ಲಿ ಮೋಹನ್ ಬಾಗನ್ ಪರ ಗೋಲು ಹೊಡೆದ ಜೇಸನ್ ಕಮಿಂಗ್ಸ್, ಜೇಮಿ ಮೆಕ್ಲಾರೆನ್ ಇಬ್ಬರೂ ಆಸ್ಟ್ರೇಲಿಯಾ ಪರ ಆಡಿದವರು. ಮುಂದಿದ್ದ ಬೆಂಗಳೂರನ್ನು ಹೆಚ್ಚುವರಿ ಅವಧಿಯಲ್ಲಿ ಅವರು ಸೋಲಿಸಿದ್ದು ನೋಯಿಸಿತು, ಆದರೆ ಅಂಥ ಆಟವನ್ನು ಎದುರಿಸಿಯೇ ಕಲಿಯಬೇಕು.

ಅಭಿಮಾನಿಗಳು ಕೇಳಬೇಕಾದದ್ದು ಬೇರೆ: 23ರೊಳಗಿನ ಭಾರತೀಯ ಹುಡುಗ ಈ ಸೀಸನ್‌ನಲ್ಲಿ ಎಷ್ಟು ನಿಮಿಷ ನಡುಮುಂದಿನಲ್ಲಿ ಆಡಿದ? ವಿಂಗ್‌ನಲ್ಲಿ ಆಡಿದ್ದು ಲೆಕ್ಕಕ್ಕಿಲ್ಲ, ಗೆಲುವು ಖಚಿತವಾದ ಮೇಲಿನ ಐದು ನಿಮಿಷವೂ ಲೆಕ್ಕಕ್ಕಿಲ್ಲ. ಬೆಂಗಳೂರಿನ ಕಿರಿಯರ ತಂಡ 2022ರಲ್ಲಿ ಮೊದಲ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ಗೆದ್ದಿದೆ. ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ಜೆಎಸ್‌ಡಬ್ಲ್ಯುನ ದೊಡ್ಡ ತರಬೇತಿ ಕೇಂದ್ರವಿದೆ. ಅಕಾಡೆಮಿಯಲ್ಲಿ ಬೆಳೆದ ವಿನೀತ್ ವೆಂಕಟೇಶ್ 2024-25ರ ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ಎದುರು ಗೆಲುವಿನ ಗೋಲು ಹೊಡೆದರು. ಹುಡುಗರು ಇದ್ದಾರೆ. 2024-25ರವರೆಗೆ ಐಎಸ್‌ಎಲ್‌ನಲ್ಲಿ ಕೆಳಗಿನ ಲೀಗ್‌ಗೆ ಇಳಿಯುವ ಭಯವೂ ಇರಲಿಲ್ಲ. ಸೋಲಿನ ಬೆಲೆ ಇಷ್ಟು ಕಡಿಮೆ ಇದ್ದ ಲೀಗ್‌ನಲ್ಲೂ ಎಳೆಯರನ್ನು ಆಡಿಸದಿದ್ದರೆ ಇನ್ನೆಲ್ಲಿ ಆಡಿಸುವುದು?

ಪಾಲು ನಮ್ಮದೂ ಇದೆ. ವಿದೇಶಿ ಸ್ಟ್ರೈಕರ್ ನಾಲ್ಕು ಪಂದ್ಯ ಗೋಲಿಲ್ಲದೆ ಕಳೆದರೆ ವಾಪಸ್ ಕಳಿಸಿ ಎನ್ನುವವರು ನಾವು. ನಮ್ಮ ಹುಡುಗ ಒಂದು ಅವಕಾಶ ತಪ್ಪಿಸಿದರೆ ಹೊರಗೆ ಕರೆಯಿರಿ ಎಂದು ಕೂಗುವವರೂ ನಾವೇ. ತಪ್ಪಿಸಿಕೊಂಡ ನೂರು ಅವಕಾಶಗಳನ್ನು ದಾಟಿ ಬಂದವನೇ ಸ್ಟ್ರೈಕರ್. ಆ ನೂರನ್ನು ಯಾರ ಕಣ್ಣೆದುರಾದರೂ ತಪ್ಪಿಸಲೇಬೇಕು.

ಪಾಸ್‌ಪೋರ್ಟ್ ಬದಲಿಸಿದ ಆಟಗಾರ

2025 ಈ ವಾದಕ್ಕೆ ಎರಡು ಹೊಸ ತಿರುವು ಕೊಟ್ಟಿತು. ಲೀಗ್ ನಡೆಸುವ ಹಕ್ಕಿನ ಒಪ್ಪಂದ ನವೀಕರಣವಾಗದೆ ಜುಲೈನಲ್ಲಿ ಐಎಸ್‌ಎಲ್ ತಡೆಹಿಡಿಯಲ್ಪಟ್ಟಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಹಿರಿಯರ ತಂಡದ ಸಂಬಳ ನಿಲ್ಲಿಸಿತು. ಲೀಗ್ ಇರುತ್ತದೋ ಇಲ್ಲವೋ ತಿಳಿಯದ ದೇಶಕ್ಕೆ ಒಳ್ಳೆಯ ವಿದೇಶಿ ಆಟಗಾರ ಏಕೆ ಬರಬೇಕು ಎಂಬ ಪ್ರಶ್ನೆ ಹುಟ್ಟಿಕೊಂಡಿತು.

ಅದೇ ವರ್ಷದ ನವೆಂಬರ್‌ನಲ್ಲಿ ರಯಾನ್ ವಿಲಿಯಮ್ಸ್ ಅವರ ಸುದ್ದಿ ಬಂತು. ಪರ್ತ್‌ನಲ್ಲಿ ಹುಟ್ಟಿ, ಆಸ್ಟ್ರೇಲಿಯಾ ಪರ ಒಂದು ಪಂದ್ಯ ಆಡಿ, 2023ರಲ್ಲಿ ಬೆಂಗಳೂರಿಗೆ ಬಂದ ಮುಂಪಡೆ ಆಟಗಾರ ಅವರು. ತಾಯಿಯ ಕಡೆಯವರು ಮುಂಬೈನ ಆಂಗ್ಲೋ ಇಂಡಿಯನ್ನರು. ತಾತ 1950ರ ದಶಕದಲ್ಲಿ ಸಂತೋಷ್ ಟ್ರೋಫಿಯಲ್ಲಿ ಬಾಂಬೆ ಪರ ಆಡಿದವರು. ಭಾರತ ಎರಡು ದೇಶಗಳ ಪೌರತ್ವಕ್ಕೆ ಒಪ್ಪುವುದಿಲ್ಲ, ಭಾರತೀಯ ಮೂಲ ಇದ್ದ ಮಾತ್ರಕ್ಕೆ ದೇಶದ ತಂಡದಲ್ಲಿ ಜಾಗ ಸಿಗುವುದೂ ಇಲ್ಲ. ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ಪಡೆದರು. ಜಪಾನಿನಲ್ಲಿ ಹುಟ್ಟಿದ ಅರಾತಾ ಇಝುಮಿ ಒಂದು ದಶಕಕ್ಕೂ ಹಿಂದೆ ಇಂಥದೇ ಹೆಜ್ಜೆ ಇಟ್ಟಿದ್ದರು.

ಮೂವತ್ತು ದಾಟಿದ ಆಟಗಾರನೊಬ್ಬ ಹುಟ್ಟಿದ ದೇಶದ ಪೌರತ್ವ ಬಿಡುವುದು ಸಣ್ಣ ಮಾತಲ್ಲ. ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಕ್ಲಬ್ಬಿನ ಲೆಕ್ಕದಲ್ಲಿ ಇನ್ನೊಂದು ಬದಲಾವಣೆಯೂ ಆಯಿತು. ಅದುವರೆಗೆ ವಿದೇಶಿ ಸೀಟಿನಲ್ಲಿದ್ದವರು ಭಾರತೀಯರಾದರು, ಆದ್ದರಿಂದ ವಿದೇಶಿಗರ ಪಾಲಿನ ಸೀಟೊಂದು ತೆರವಾಯಿತು. ಅದಕ್ಕೆ ಮತ್ತೊಬ್ಬ ಮೂವತ್ತರ ಸ್ಟ್ರೈಕರನ್ನು ತರುವುದೋ, ಶಿವಶಕ್ತಿಯಂಥವರಿಗೆ ನಡುಮುಂದಿನ ಜಾಗ ಬಿಡುವುದೋ ಎಂಬ ನಿರ್ಧಾರ ಕ್ಲಬ್ಬಿನ ಪಾಲಿಗೆ ಬಂತು.